ಅಲೆದಾಡುವ ಬೆಳಕನ್ನು ಕೆಲಸಕ್ಕೆ ಹಚ್ಚಿದವರು

1992ರಲ್ಲಿ ಬ್ರಿಟನ್ನಿನ ‘ಎಲೆಕ್ಟ್ರಾನಿಕ್ಸ್ ಲೆಟರ್ಸ್’ ಪತ್ರಿಕೆಯಲ್ಲಿ ಎರಡು ಪುಟ್ಟ ಪ್ರಬಂಧಗಳು ಅಚ್ಚಾದವು. ಒಂದು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ್ದು. ಮಾತ್ಸಾಸ್, ನ್ಯೂಸನ್, ರಿಚರ್ಡ್‌ಸನ್, ಪೇನ್ ಎಂಬ ನಾಲ್ವರು ಬರೆದದ್ದು. ಇನ್ನೊಂದು ಅಟ್ಲಾಂಟಿಕ್‌ನ ಆಚೆ ದಡದ ಎಂಐಟಿಯಿಂದ ಬಂದದ್ದು. ಕೊಹಿಚಿ ತಮುರಾ, ಹರ್ಮನ್ ಹೌಸ್, ಎರಿಕ್ ಇಪ್ಪೆನ್ ಅವರದ್ದು. ಎರಡರಲ್ಲೂ ವರ್ಣಿಸಿದ ಯಂತ್ರ ಹೆಚ್ಚುಕಡಿಮೆ ಒಂದೇ ಬಗೆಯದು. ಎರ್ಬಿಯಂ ಧಾತು ಬೆರೆತ ಗಾಜಿನ ಎಳೆಯನ್ನು ಉಂಗುರವಾಗಿ ಕೂಡಿಸಿ, ನಡುವೆ ಒಂದು ಧ್ರುವಕವನ್ನೂ ಎಳೆಯನ್ನು ತಿರುಚುವ ಪುಟ್ಟ ಫಲಕಗಳನ್ನೂ ಇಟ್ಟಿದ್ದರು. ಬೆಳಕನ್ನು ತಡೆದು ಬಿಡುವ ಕವಾಟವಿಲ್ಲ, ಅದನ್ನು ಆಡಿಸುವ ವಿದ್ಯುತ್ ಸಾಧನವಿಲ್ಲ. ಫಲಕಗಳನ್ನು ಸರಿಯಾದ ಕೋನಕ್ಕೆ ತಿರುಗಿಸಿದರೆ ಸಾಕು, ಉಂಗುರದೊಳಗೆ ಸದಾ ಹರಿಯುತ್ತಿದ್ದ ಬೆಳಕು ತಾನಾಗಿ ಒಡೆದು, ಅತಿ ಕಿರಿದಾದ ಸ್ಪಂದಗಳಾಗಿ ಓಡತೊಡಗುತ್ತಿತ್ತು.

ಈ ಕೆಲಸ ಮಾಡಿಸುತ್ತಿದ್ದದ್ದು ಬೆಳಕಿನ ಧ್ರುವೀಕರಣದ ಅಲೆದಾಟ. ಅದೇ ಅಲೆದಾಟವನ್ನು ತೊಲಗಿಸಲು ದೂರಸಂಪರ್ಕದ ಎಂಜಿನಿಯರುಗಳು ಅದಕ್ಕೆ ಮುಂಚಿನ ಹತ್ತು ವರ್ಷ ಹೆಣಗಿದ್ದರು. ಪೀಡೆಯೆಂದುಕೊಂಡದ್ದು ಸಾಧನವಾದ ಈ ಕಥೆಗೆ ಒಬ್ಬನೇ ನಾಯಕನಿಲ್ಲ. ಮೂವತ್ತು ವರ್ಷಗಳಲ್ಲಿ, ಬೇರೆಬೇರೆ ಊರುಗಳಲ್ಲಿ, ಬೇರೆಬೇರೆ ಉದ್ದೇಶ ಇಟ್ಟುಕೊಂಡು ದುಡಿದವರ ಕೆಲಸ ಒಂದೆಡೆ ಬಂದು ಸೇರಿದ ಕಥೆ ಇದು.

ಬೆಳಕಿನ ಅಲೆ ಮುಂದೆ ಸಾಗುವಾಗ ಅದರ ವಿದ್ಯುತ್ ಕ್ಷೇತ್ರ ಆ ದಾರಿಗೆ ಅಡ್ಡಲಾಗಿ ತುಯ್ದಾಡುತ್ತದೆ. ತುಯ್ದಾಟ ಒಂದೇ ಗೆರೆಯಲ್ಲಿದ್ದರೆ ಅದು ಸರಳರೇಖೀಯ ಧ್ರುವೀಕರಣ. ಕ್ಷೇತ್ರದ ತುದಿ ವೃತ್ತ ಬರೆಯುತ್ತ ಸುತ್ತಿದರೆ ವೃತ್ತೀಯ, ನಡುವಿನ ಎಲ್ಲ ಬಗೆಯೂ ದೀರ್ಘವೃತ್ತೀಯ. 1808ರಲ್ಲಿ ಫ್ರಾನ್ಸಿನ ಎತಿಯೆನ್ ಲೂಯಿ ಮಾಲ್ಯೂಸ್ ಪ್ಯಾರಿಸ್ಸಿನ ಲಕ್ಸೆಂಬರ್ಗ್ ಅರಮನೆಯ ಕಿಟಕಿಗಳ ಮೇಲೆ ಬಿದ್ದು ಹಿಂತಿರುಗಿದ ಸಂಜೆಯ ಬಿಸಿಲನ್ನು ಐಸ್‌ಲ್ಯಾಂಡ್ ಸ್ಫಟಿಕದ ಮೂಲಕ ನೋಡಿ, ಕನ್ನಡಿಯಂತೆ ಪ್ರತಿಫಲಿಸುವ ಗಾಜೂ ಬೆಳಕನ್ನು ಧ್ರುವೀಕರಿಸುತ್ತದೆಂದು ಕಂಡುಕೊಂಡ. ಅಲ್ಲಿಂದ ಒಂದೂವರೆ ಶತಮಾನದ ಕಾಲ ಧ್ರುವೀಕರಣ ಬಹುಮಟ್ಟಿಗೆ ಸ್ಫಟಿಕಶಾಸ್ತ್ರಜ್ಞರ ಸೊತ್ತಾಗಿಯೇ ಉಳಿಯಿತು.

ಲೇಸರ್ ಬಂದ ಮೇಲೆ ಪ್ರಶ್ನೆಗಳು ಬದಲಾದವು. 1964ರಲ್ಲಿ, ಕಾರು ತಯಾರಿಸುವ ಫೋರ್ಡ್ ಕಂಪನಿಯ ಸಂಶೋಧನಾಲಯದಲ್ಲಿ ಮೇಕರ್, ಟೆರ್‌ಹ್ಯೂನ್, ಸ್ಯಾವೇಜ್ ಎಂಬ ಮೂವರು ಮಾಣಿಕ್ಯದ ಲೇಸರಿನ ಪ್ರಬಲ ಬೆಳಕನ್ನು ದ್ರವಗಳ ಮೂಲಕ ಹಾಯಿಸಿದರು. ದೀರ್ಘವೃತ್ತೀಯವಾಗಿ ಧ್ರುವೀಕೃತವಾದ ಬೆಳಕು ಹೊರಬರುವಾಗ ಅದರ ದೀರ್ಘವೃತ್ತ ಒಂದಿಷ್ಟು ತಿರುಗಿರುತ್ತಿತ್ತು. ಬೆಳಕು ತೀವ್ರವಾದಷ್ಟೂ ತಿರುಗುವಿಕೆ ಹೆಚ್ಚುತ್ತಿತ್ತು. ಪ್ರಬಲ ಬೆಳಕು ತಾನು ಹಾಯುವ ವಸ್ತುವಿನ ವಕ್ರೀಭವನಾಂಕವನ್ನೇ ಬದಲಿಸುತ್ತದೆ ಎನ್ನುವುದಕ್ಕೆ ಅದು ಕಣ್ಣಿಗೆ ಕಾಣುವ ಸಾಕ್ಷಿ. ಆಗ ಇದರಿಂದ ಸ್ಪಂದಗಳನ್ನು ಕೆತ್ತಬಹುದೆಂಬ ಯೋಚನೆಗೆ ದಾರಿ ಇರಲಿಲ್ಲ. ಬೆಳಕನ್ನು ಬಹುದೂರ ಬಿಗಿಯಾಗಿ ಹಿಡಿದಿಡುವ ಮಾಧ್ಯಮವೇ ಕೈಯಲ್ಲಿರಲಿಲ್ಲ.

ಕುತೂಹಲದ ಸಂಗತಿಯೆಂದರೆ, ಅದೇ 1964ರಲ್ಲಿ ಅಮೆರಿಕನ್ ಆಪ್ಟಿಕಲ್ ಕಂಪನಿಯ ಎಲಿಯಾಸ್ ಸ್ನಿಟ್ಜರ್ ಮತ್ತು ಚಾರ್ಲ್ಸ್ ಕೋಸ್ಟರ್ ನಿಯೋಡಿಮಿಯಂ ಬೆರೆಸಿದ ಸುಮಾರು ಒಂದು ಮೀಟರ್ ಉದ್ದದ ಗಾಜಿನ ಎಳೆಯನ್ನು ಮಿಂಚುದೀಪಕ್ಕೆ ಸುತ್ತಿ, ಅದರೊಳಗೆ ಹಾಯ್ದ ಬೆಳಕು ವರ್ಧಿಸುವುದನ್ನು ತೋರಿಸಿದರು. ಫೈಬರ್ ಲೇಸರಿನ ಬೀಜ ಅಲ್ಲಿದೆ. ಆದರೆ ಆ ಕಾಲದ ಗಾಜು ಕೊಳಕು ಗಾಜು. 1966ರಲ್ಲಿ ಚಾರ್ಲ್ಸ್ ಕಾವ್, ಕಲ್ಮಶ ತೆಗೆದರೆ ಕಿಲೋಮೀಟರಿಗೆ 20 ಡೆಸಿಬೆಲ್ ನಷ್ಟಕ್ಕೆ ಇಳಿಯಬಹುದು, ಅಷ್ಟಾದರೆ ದೂರವಾಣಿ ಮಾತನ್ನು ಗಾಜಿನಲ್ಲಿ ಕಳಿಸಬಹುದು ಎಂದು ವಾದಿಸಿದಾಗ ಇದ್ದ ಎಳೆಗಳ ನಷ್ಟ ಸಾವಿರ ಡೆಸಿಬೆಲ್‌ನ ಸುಮಾರಿಗೆ ಇತ್ತು. 1970ರಲ್ಲಿ ಕಾರ್ನಿಂಗ್ ಕಂಪನಿಯ ಮೌರರ್, ಕೆಕ್, ಶುಲ್ಟ್ಸ್ ಆ ಗುರಿಯನ್ನು ದಾಟಿದರು. ಆಮೇಲಿನ ಪ್ರಗತಿ ನಾಗಾಲೋಟದ್ದು.

ಒಳ್ಳೆಯ ಎಳೆ ಸಿಕ್ಕಿದ ಮೇಲೆ ಧ್ರುವೀಕರಣದ ಕಾಟ ಶುರುವಾಯಿತು. ಎಳೆಯ ತಿರುಳು ಪರಿಪೂರ್ಣವಾಗಿ ದುಂಡಗಿದ್ದರೆ ಎರಡು ಲಂಬ ದಿಕ್ಕುಗಳ ತುಯ್ದಾಟ ಒಂದೇ ವೇಗದಲ್ಲಿ ಹರಿಯಬೇಕು. ನಿಜವಾದ ಎಳೆ ಹಾಗಿರುವುದಿಲ್ಲ. ಎಳೆಯುವಾಗ ತುಸು ಚಪ್ಪಟೆಯಾಗಿರುತ್ತದೆ, ಬಾಗಿಸಿದ ಕಡೆ ಒತ್ತಡ ಬೀಳುತ್ತದೆ, ಬಿಸಿಲೇರಿದರೆ ಒಂದು ರೀತಿ, ತಂಪಾದರೆ ಇನ್ನೊಂದು ರೀತಿ. ಇದರಿಂದ ಎರಡು ದಿಕ್ಕುಗಳ ವೇಗದಲ್ಲಿ ಸೂಕ್ಷ್ಮ ವ್ಯತ್ಯಾಸ, ಅಂದರೆ ದ್ವಿವಕ್ರೀಭವನ ಹುಟ್ಟುತ್ತದೆ. ನೇರ ಗೆರೆಯಲ್ಲಿ ತುಯ್ದಾಡುವ ಬೆಳಕನ್ನು ಒಳಗೆ ಬಿಟ್ಟರೆ ಆಚೆ ತುದಿಯಲ್ಲಿ ಏನು ಹೊರಬರುತ್ತದೆಂದು ಹೇಳಲಾಗದು. ಇಂದು ಒಂದು ಬಗೆ, ನಾಳೆ ಇನ್ನೊಂದು ಬಗೆ.

ಮದ್ದನ್ನು ಎರಡು ಕಡೆಯಿಂದ ಹುಡುಕಿದರು. ಜಪಾನಿನ ಎನ್‌ಟಿಟಿಯವರು ತಿರುಳಿನ ಎರಡೂ ಬದಿಗೆ ಒತ್ತಡ ಕೊಡುವ ಗಾಜಿನ ಕಂಬಿಗಳನ್ನು ಸೇರಿಸಿ ‘ಪಾಂಡಾ’ ಎಳೆ ಮಾಡಿದರು. ಸೌತಾಂಪ್ಟನ್ನಿನವರು ಚಿಟ್ಟೆಯಾಕಾರದ ಒತ್ತಡ ಭಾಗಗಳಿರುವ ‘ಬೋ-ಟೈ’ ಎಳೆ ಮಾಡಿದರು. ಬೇಕೆಂದೇ ಬಲವಾದ ದ್ವಿವಕ್ರೀಭವನ ಕೊಟ್ಟು, ಧ್ರುವೀಕರಣ ಅತ್ತಿತ್ತ ಜಾರದಂತೆ ಕಟ್ಟಿಹಾಕುವ ಉಪಾಯ ಇದು. ಇನ್ನೊಂದು ಸರಳ ಉಪಾಯ 1980ರಲ್ಲಿ ಲೆಫೆವ್ರ್ ತೋರಿಸಿದ್ದು: ಎಳೆಯನ್ನು ಸಣ್ಣ ಸುರುಳಿಗಳಾಗಿ ಸುತ್ತಿ, ಆ ಸುರುಳಿಗಳನ್ನು ಫಲಕಗಳಂತೆ ಆಚೀಚೆ ಹೊರಳಿಸಿದರೆ ಯಾವ ಧ್ರುವೀಕರಣವನ್ನು ಬೇಕಾದರೂ ಮತ್ತೊಂದಕ್ಕೆ ಬದಲಿಸಬಹುದು. ಇಂದಿಗೂ ಜಗತ್ತಿನ ಫೈಬರ್ ಪ್ರಯೋಗಾಲಯಗಳ ಮೇಜಿನ ಮೇಲೆ ಮೂರು ಕಪ್ಪು ಫಲಕಗಳ ಆ ಸಾಧನ ಕಾಣಸಿಗುತ್ತದೆ.

ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸುವ ಪ್ರಬಂಧ 1982ರದ್ದು. ಬೆಲ್ ಲ್ಯಾಬ್ಸ್‌ನ ರಾಜರ್ಸ್ ಸ್ಟೋಲೆನ್, ಬೊತಿನೋ, ಆರ್ಥರ್ ಆಶ್ಕಿನ್ ಬರೆದದ್ದು. ಇವರಲ್ಲಿ ಆಶ್ಕಿನ್ ಮುಂದೆ 2018ರಲ್ಲಿ, ಬೆಳಕಿನ ಚಿಮಟಕ್ಕಾಗಿ ನೊಬೆಲ್ ಪಡೆದವರು. ದ್ವಿವಕ್ರೀಭವನವಿರುವ ಎಳೆಯಲ್ಲಿ ಸ್ಪಂದದ ನಡುಭಾಗ, ಅದು ತೀವ್ರವಾಗಿರುವುದರಿಂದ, ಅಂಚುಗಳಿಗಿಂತ ಬೇರೆಯಾದ ಧ್ರುವೀಕರಣ ಪಡೆಯುತ್ತದೆ. ಆಚೆ ತುದಿಯಲ್ಲಿ ಒಂದು ಧ್ರುವಕ ಇಟ್ಟು ನಡುಭಾಗವನ್ನು ಮಾತ್ರ ಬಿಟ್ಟು ಅಂಚುಗಳನ್ನು ತಡೆದರೆ ಸ್ಪಂದ ಶುಚಿಯಾಗುತ್ತದೆ, ಹಿಂದೆಮುಂದೆ ಅಂಟಿಕೊಂಡ ಮಸುಕು ಬೆಳಕು ಕಳಚಿಹೋಗುತ್ತದೆ ಎಂದು ಅವರು ತೋರಿಸಿದರು. ಮೇಕರ್ ಮತ್ತು ಟೆರ್‌ಹ್ಯೂನ್ ದ್ರವದಲ್ಲಿ ಕಂಡದ್ದಕ್ಕೆ ಗಾಜಿನ ಎಳೆಯಲ್ಲಿ ಒಂದು ಕೆಲಸ ಸಿಕ್ಕಿತು. ಸ್ಟೋಲೆನ್ ಬಳಗದ ಮುಂದಿದ್ದ ಪ್ರಶ್ನೆ ಸ್ಪಂದವನ್ನು ಶುದ್ಧಿಗೊಳಿಸುವುದಷ್ಟೇ ಆಗಿತ್ತು. ಈ ಸಾಧನವನ್ನು ಲೇಸರಿನೊಳಗೇ ಇಟ್ಟು, ಪ್ರತಿ ಸುತ್ತಿಗೂ ಅಂಚು ಸವರಿಸುತ್ತ ಹೋದರೆ ಸ್ಪಂದ ತಾನಾಗಿ ಹುಟ್ಟಿಕೊಳ್ಳಬಹುದೆಂಬ ಹೆಜ್ಜೆಗೆ ಇನ್ನೂ ಒಂಬತ್ತು ವರ್ಷ ಬೇಕಾಯಿತು.

ಯಾಕೆ ಅಷ್ಟು ತಡ? ಎಳೆಯ ಒಳಗೆ ಬೆಳಕನ್ನು ವರ್ಧಿಸುವ ಚೆನ್ನಾದ ಮಾಧ್ಯಮ ಇರಲಿಲ್ಲ. ಅದನ್ನು ಕೊಟ್ಟದ್ದು ಸೌತಾಂಪ್ಟನ್. ಡೇವಿಡ್ ಪೇನ್ ಮತ್ತು ಸಂಗಡಿಗರು 1985ರಲ್ಲಿ ಅಪರೂಪದ ಲೋಹಗಳನ್ನು ಬೆರೆಸಿಯೂ ನಷ್ಟ ಕಡಿಮೆಯಿರುವ ಎಳೆ ತೆಗೆಯುವ ಬಗೆ ಕಂಡುಕೊಂಡರು; 1987ರಲ್ಲಿ ಎರ್ಬಿಯಂ ಎಳೆಯ ವರ್ಧಕ ಮಾಡಿ ತೋರಿಸಿದರು. ಅದೇ ವರ್ಷ ಬೆಲ್ ಲ್ಯಾಬ್ಸ್‌ನಲ್ಲಿ ಇಮ್ಯಾನುಯೆಲ್ ಡಿಸರ್ವಿರ್ ಕೂಡ ಇದೇ ಕೆಲಸ ಮಾಡಿದ. ಎರ್ಬಿಯಂ ವರ್ಧಿಸುವ 1550 ನ್ಯಾನೋಮೀಟರಿನ ಆಸುಪಾಸಿನ ಬೆಳಕೇ ಗಾಜಿನಲ್ಲಿ ಅತಿ ಕಡಿಮೆ ನಷ್ಟಪಡುವ ಬೆಳಕೂ ಆಗಿರುವುದು ಪ್ರಕೃತಿ ಕೊಟ್ಟ ದೊಡ್ಡ ಉಡುಗೊರೆ. ಸಾಗರತಳದ ಕೇಬಲ್ಲುಗಳಿಗಾಗಿ ಹುಟ್ಟಿದ ಈ ಎಳೆ, ಸ್ಪಂದ ಲೇಸರ್ ಮಾಡುವವರ ಕೈಗೂ ಅಗ್ಗವಾಗಿ ಬಂತು.

ಸಾಲಿಟಾನಿನ ವಿದ್ಯೆ ಇನ್ನೊಂದು ದಿಕ್ಕಿನಿಂದ ಬಂದು ಕೂಡಿಕೊಂಡಿತು. 1834ರಲ್ಲಿ ಎಡಿನ್‌ಬರೋ ಬಳಿಯ ಕಾಲುವೆಯಲ್ಲಿ ಜಾನ್ ಸ್ಕಾಟ್ ರಸೆಲ್ ಆಕಾರ ಕೆಡದೆ ಓಡಿದ ಒಂಟಿ ಅಲೆಯನ್ನು ಕುದುರೆ ಏರಿ ಹಿಂಬಾಲಿಸಿದ್ದ. ಗಾಜಿನ ಎಳೆಯಲ್ಲೂ ಅಂಥ ಅಲೆ ಸಾಧ್ಯವೆಂದು ಹಸೆಗಾವಾ ಮತ್ತು ಟ್ಯಾಪರ್ಟ್ 1973ರಲ್ಲಿ ಲೆಕ್ಕ ಹಾಕಿದರು. ಮೊಲೆನಾವರ್, ಸ್ಟೋಲೆನ್, ಗಾರ್ಡನ್ 1980ರಲ್ಲಿ 700 ಮೀಟರ್ ಎಳೆಯಲ್ಲಿ ಅದನ್ನು ಕಂಡರು. ಎಳೆಯ ವರ್ಣವಿಭಜನೆ ಸ್ಪಂದವನ್ನು ಹರಡಿಸಲು ನೋಡುತ್ತದೆ, ತೀವ್ರತೆಯಿಂದ ಹುಟ್ಟುವ ವಕ್ರೀಭವನದ ಬದಲಾವಣೆ ಅದನ್ನು ಒಟ್ಟುಗೂಡಿಸಲು ನೋಡುತ್ತದೆ. ಎರಡೂ ಸರಿತೂಗಿದಾಗ ಸಾಲಿಟಾನ್ ಉಳಿಯುತ್ತದೆ.

ಲೇಸರಿನೊಳಗೆ ಸ್ಪಂದ ಹುಟ್ಟುವುದು ಹೇಗೆ? ಲೇಸರಿನ ಉಂಗುರದಲ್ಲಿ ಸಾವಿರಾರು ಆವರ್ತನಗಳ ಬೆಳಕು ಏಕಕಾಲಕ್ಕೆ ಆಡುತ್ತಿರುತ್ತದೆ. ಜಾತ್ರೆಯಲ್ಲಿ ತೇರಿಗೆ ಕೈಹಾಕಿದವರು ತಂತಮ್ಮ ಗತಿಯಲ್ಲಿ ಎಳೆದರೆ ತೇರು ಅಲುಗದು. ಒಂದೇ ಕೂಗಿಗೆ ಎಲ್ಲರೂ ಎಳೆದಾಗ ಅದು ಕದಲುತ್ತದೆ. ಹಾಗೆಯೇ ಎಲ್ಲ ಆವರ್ತನಗಳೂ ಒಂದೇ ಕ್ಷಣದಲ್ಲಿ ಶಿಖರ ಮುಟ್ಟಿದರೆ ಆ ಕ್ಷಣದಲ್ಲಿ ಪ್ರಬಲ ಸ್ಪಂದ, ಉಳಿದ ಹೊತ್ತು ಕತ್ತಲೆ. ಪರಿಣತರು ಇದನ್ನು ಮೋಡ್ ಲಾಕಿಂಗ್ ಎನ್ನುತ್ತಾರೆ. ಒಂದೇ ಗತಿಗೆ ತರುವ ಕೂಗು ಹಾಕುವವನು ಯಾರು ಎಂಬುದೇ ಪ್ರಶ್ನೆ. ದುರ್ಬಲ ಬೆಳಕನ್ನು ಹೀರಿ ಪ್ರಬಲ ಬೆಳಕನ್ನು ಬಿಡುವ ಯಾವುದೇ ವಸ್ತು ಅಥವಾ ಉಪಾಯ ಆ ಕೆಲಸ ಮಾಡಬಲ್ಲದು. ಚಾರ್ಲ್ಸ್ ಶ್ಯಾಂಕ್ ಮತ್ತು ಇಪ್ಪೆನ್ 1974ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಬಣ್ಣದ ದ್ರಾವಣ ಬಳಸಿ ಪಿಕೋಸೆಕೆಂಡಿಗಿಂತ ಕಿರಿದಾದ ಸ್ಪಂದ ಪಡೆದಿದ್ದರು. ಆದರೆ ಬಣ್ಣ ಕೆಡುತ್ತದೆ, ಸೋರುತ್ತದೆ, ದಿನದಿನದ ಆರೈಕೆ ಬೇಡುತ್ತದೆ.

1984ರಲ್ಲಿ ಮೊಲೆನಾವರ್ ಮತ್ತು ಸ್ಟೋಲೆನ್ ‘ಸಾಲಿಟಾನ್ ಲೇಸರ್’ ಕಟ್ಟಿದರು. ಮುಖ್ಯ ಲೇಸರಿಗೆ ಒಂದು ಎಳೆಯನ್ನು ಹೊರಗಿನಿಂದ ಜೋಡಿಸಿ, ಅದರಿಂದ ಮರಳಿದ ಬೆಳಕು ಮೂಲ ಬೆಳಕಿನೊಂದಿಗೆ ಸೇರಿ ಸ್ಪಂದವನ್ನು ಚೂಪಾಗಿಸುವಂತೆ ಮಾಡಿದರು. ಎಂಐಟಿಯ ಹೌಸ್ ಮತ್ತು ಇಪ್ಪೆನ್ ಬಳಗ ಇದರ ತಿರುಳನ್ನು ಬೇರೆ ಮಾಡಿ ನೋಡಿತು: ಎರಡು ಹಾದಿಯಲ್ಲಿ ಬಂದ ಬೆಳಕು ನಡುಭಾಗದಲ್ಲಿ ಕೂಡಬೇಕು, ಅಂಚುಗಳಲ್ಲಿ ಕಳೆಯಬೇಕು, ಅಷ್ಟೆ, ಸಾಲಿಟಾನೇ ಬೇಕೆಂದಿಲ್ಲ. ತೊಡಕೆಂದರೆ ಎರಡೂ ಹಾದಿಗಳ ಉದ್ದ ಬೆಳಕಿನ ತರಂಗದೂರದ ಒಂದು ಪುಟ್ಟ ಭಾಗದಷ್ಟೂ ತಪ್ಪದಂತೆ ಕಾಯಬೇಕಿತ್ತು. ಮೇಜು ನಡುಗಿದರೂ ಕೆಲಸ ಕೆಟ್ಟಂತೆ.

ಇಲ್ಲಿ ಬಂದು ಸೇರಿತು ಧ್ರುವೀಕರಣ. ಒಂದೇ ಎಳೆಯಲ್ಲಿ ಹರಿಯುವ ಎರಡು ವೃತ್ತೀಯ ಧ್ರುವೀಕರಣಗಳನ್ನು, ಬಲಕ್ಕೆ ಸುತ್ತುವುದನ್ನೂ ಎಡಕ್ಕೆ ಸುತ್ತುವುದನ್ನೂ, ಎರಡು ಹಾದಿಗಳೆಂದು ತಿಳಿದರೆ ಹೇಗೆ? ಎರಡೂ ಒಂದೇ ಗಾಜಿನಲ್ಲಿ ಹೋಗುವುದರಿಂದ ನಡುಕ, ಬಿಸಿ, ಉದ್ದದ ಬದಲಾವಣೆ ಎರಡಕ್ಕೂ ಸಮ. ಬೆಳಕು ದೀರ್ಘವೃತ್ತೀಯವಾಗಿದ್ದರೆ ಎರಡು ಘಟಕಗಳ ತೀವ್ರತೆ ಬೇರೆಬೇರೆ, ಆದ್ದರಿಂದ ಅವು ಪಡೆಯುವ ವಿಳಂಬವೂ ಬೇರೆ. ಫಲವಾಗಿ ದೀರ್ಘವೃತ್ತ ತಿರುಗುತ್ತದೆ. ಗಾಜಿನ ಮೇಲೆ ಈ ಪರಿಣಾಮ ಎಷ್ಟು ಸಣ್ಣದೆಂದರೆ, ನೂರು ವಾಟ್ ಶಿಖರ ಶಕ್ತಿಯ ಸ್ಪಂದ ವಕ್ರೀಭವನಾಂಕದ ಎಂಟನೆಯ ದಶಮಾಂಶ ಸ್ಥಾನವನ್ನಷ್ಟೇ ಕದಲಿಸುತ್ತದೆ. ಆದರೆ ಕೆಲವು ಮೈಕ್ರೋಮೀಟರ್ ಅಗಲದ ತಿರುಳಿನಲ್ಲಿ ಬಿಗಿಹಿಡಿದ ಬೆಳಕು ಐದು ಮೀಟರ್ ಸಾಗುವಷ್ಟರಲ್ಲಿ, ಅಂದರೆ ಮೂವತ್ತು ಲಕ್ಷಕ್ಕೂ ಹೆಚ್ಚು ತರಂಗದೂರಗಳನ್ನು ದಾಟುವಷ್ಟರಲ್ಲಿ, ಆ ಸಣ್ಣದು ಕೂಡುತ್ತ ಹೋಗಿ ತರಂಗದೂರದ ಗಣನೀಯ ಪಾಲಾಗುತ್ತದೆ. ಒಂದು ಸುತ್ತಿಗೆ ಇಷ್ಟಾದರೆ, ಐದು ಮೀಟರಿನ ಉಂಗುರದಲ್ಲಿ ಸೆಕೆಂಡಿಗೆ ಸುಮಾರು ನಾಲ್ಕು ಕೋಟಿ ಸುತ್ತು.

ಮೊದಲ ಹೆಜ್ಜೆ ಇಟ್ಟದ್ದು ವಿಯೆನ್ನಾ. 1991ರಲ್ಲಿ ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದ ಹೋಫರ್, ಮಾರ್ಟಿನ್ ಫರ್ಮನ್ ಮತ್ತು ಸಂಗಡಿಗರು ನಿಯೋಡಿಮಿಯಂ ಎಳೆಯ ಲೇಸರಿನಲ್ಲಿ ಧ್ರುವೀಕರಣದ ಈ ತಿರುಗುವಿಕೆಯಿಂದಲೇ ಸ್ಪಂದ ಪಡೆದರು. ಮರುವರ್ಷವೇ ಸೌತಾಂಪ್ಟನ್, ಎಂಐಟಿಗಳ ಎರ್ಬಿಯಂ ಉಂಗುರಗಳು ಬಂದವು. ಉಂಗುರವೇ ಆದದ್ದು ಕಾಕತಾಳೀಯವಲ್ಲ. ಎರಡು ಕನ್ನಡಿಗಳ ನಡುವೆ ಹೋಗಿಬರುವ ಲೇಸರಿನಲ್ಲಿ ಅಲ್ಲಲ್ಲಿನ ಸಣ್ಣಪುಟ್ಟ ಪ್ರತಿಫಲನಗಳು ಸ್ಪಂದದ ಹುಟ್ಟನ್ನು ಕೆಡಿಸುತ್ತಿದ್ದವು. ಬೆಳಕು ಒಂದೇ ದಿಕ್ಕಿಗೆ ಓಡುವಂತೆ ಕಟ್ಟುಹಾಕಿದ ಉಂಗುರದಲ್ಲಿ ಆ ತೊಂದರೆ ತಗ್ಗಿ, ಗದ್ದಲದ ನಡುವಿನ ಯಾವುದೋ ಒಂದು ಏರಿಳಿತ ತಾನಾಗಿ ಬೆಳೆದು ಸ್ಪಂದವಾಗುತ್ತಿತ್ತು.

ಆದರೆ ಈ ಸಾಲಿಟಾನ್ ಲೇಸರುಗಳಿಗೆ ಮಿತಿಯೊಂದಿತ್ತು. ಸಾಲಿಟಾನಿನ ಶಕ್ತಿಗೂ ಅಗಲಕ್ಕೂ ಗಟ್ಟಿ ನಂಟು. ಒಂದು ಮಿತಿ ಮೀರಿ ಶಕ್ತಿ ತುಂಬಿದರೆ ಅದು ಹಿಗ್ಗುವುದಿಲ್ಲ, ಎರಡಾಗಿ ಒಡೆಯುತ್ತದೆ. ಜೊತೆಗೆ, ಪ್ರತಿ ಸುತ್ತಿನಲ್ಲೂ ಆಗುವ ನಷ್ಟ ಮತ್ತು ವರ್ಧನೆಯ ಎಳೆದಾಟದಿಂದ ಸ್ಪಂದ ಒಂದಿಷ್ಟು ಬೆಳಕನ್ನು ಚೆಲ್ಲುತ್ತದೆ. ಅದು ರೋಹಿತದಲ್ಲಿ ಎರಡೂ ಬದಿಗೆ ಚೂಪಾದ ಗೆರೆಗಳಾಗಿ ಕಾಣುತ್ತದೆ. ಇದನ್ನು ವಿವರಿಸಿದ ಕೆಲ್ಲಿಯ ಹೆಸರೇ ಆ ಗೆರೆಗಳಿಗೆ ನಿಂತಿದೆ. ತಮುರಾ, ಇಪ್ಪೆನ್, ಹೌಸ್ ಮತ್ತು ಲಿನ್ ನೆಲ್ಸನ್ ಕಂಡುಕೊಂಡ ಪರಿಹಾರ ದಿಟ್ಟವಾದದ್ದು. ಸ್ಪಂದವನ್ನು ಕಿರಿದಾಗಿಯೇ ಕಾಪಾಡುವ ಹಟ ಬಿಟ್ಟು, ಅದು ಪ್ರತಿ ಸುತ್ತಿನಲ್ಲೂ ಹರಡಿ ಮತ್ತೆ ಕುಗ್ಗುವಂತೆ ಮಾಡಿದರು. ವರ್ಣವಿಭಜನೆ ಒಂದು ದಿಕ್ಕಿನದಾದ ಎರ್ಬಿಯಂ ಎಳೆ, ಅದಕ್ಕೆ ವಿರುದ್ಧವಾದ ಸಾಧಾರಣ ಎಳೆ, ಎರಡನ್ನೂ ಸೇರಿಸಿದ ಉಂಗುರ. ಹೆಚ್ಚಿನ ಹೊತ್ತು ಸ್ಪಂದ ಹಿಗ್ಗಿಕೊಂಡಿರುವುದರಿಂದ ಅದರ ಶಿಖರ ತಗ್ಗಿ, ಹೆಚ್ಚು ಶಕ್ತಿ ತುಂಬಿದರೂ ಒಡೆಯುವುದಿಲ್ಲ. 1993ರಲ್ಲಿ ಈ ಲೇಸರ್ 77 ಫೆಮ್ಟೋಸೆಕೆಂಡಿನ ಸ್ಪಂದ ಕೊಟ್ಟಿತು. ಒಂದು ಫೆಮ್ಟೋಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಲಕ್ಷದ ಪಾಲಿನ ನೂರು ಕೋಟಿಯ ಒಂದು ಪಾಲು. ಅಷ್ಟು ಹೊತ್ತಿನಲ್ಲಿ, ಅಂದರೆ 77 ಫೆಮ್ಟೋಸೆಕೆಂಡಿನಲ್ಲಿ, ಗಾಳಿಯಲ್ಲಿ ಬೆಳಕು ಸಾಗುವ ದೂರ 23 ಮೈಕ್ರೋಮೀಟರ್. ತಲೆಗೂದಲ ದಪ್ಪಕ್ಕಿಂತ ಕಡಿಮೆ.

ಗೆಲುವಿನ ಜೊತೆಗೇ ಕಿರಿಕಿರಿಯೂ ಅಂಟಿಕೊಂಡು ಬಂತು. ಎಳೆ ಧ್ರುವೀಕರಣಕ್ಕೆ ಅಷ್ಟು ಸೂಕ್ಷ್ಮವಾಗಿ ಸ್ಪಂದಿಸುತ್ತದೆಂಬುದೇ ಈ ಲೇಸರಿನ ಬಲ, ಅದೇ ಅದರ ದೌರ್ಬಲ್ಯ. ಕೋಣೆಯ ಬಿಸಿ ಬದಲಾದರೆ, ಯಾರಾದರೂ ಎಳೆಯನ್ನು ತುಸು ಸರಿಸಿದರೆ, ನಿನ್ನೆ ಸರಿಮಾಡಿದ ಫಲಕಗಳ ಕೋನ ಇಂದು ಕೆಲಸಕ್ಕೆ ಬಾರದು. ಸಂಶೋಧಕರಿಗೆ ಇದು ಸಹ್ಯ. ಮಾರಾಟಕ್ಕಿಡುವ ಯಂತ್ರಕ್ಕೆ ಅಲ್ಲ. ಫರ್ಮನ್ ಆ ಹೊತ್ತಿಗೆ ಅಮೆರಿಕದಲ್ಲಿದ್ದರು. 1994ರಲ್ಲಿ ಅವರು ಸಂಗಡಿಗರೊಂದಿಗೆ ಹೊರತಂದ ಲೇಸರಿನಲ್ಲಿ ದ್ವಿವಕ್ರೀಭವನ ಬಲವಾಗಿರುವ ಎಳೆಯೂ ಫ್ಯಾರಡೆ ತಿರುಗುಕನ್ನಡಿಗಳೂ ಇದ್ದವು. 1845ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದಿದ್ದ, ಕಾಂತಕ್ಷೇತ್ರದಲ್ಲಿ ಧ್ರುವೀಕರಣ ತಿರುಗುವ ಪರಿಣಾಮ ಇಲ್ಲಿ ಕೆಲಸಕ್ಕೆ ಬಂತು. ಕನ್ನಡಿಗೆ ತಾಗಿ ಮರಳುವ ಬೆಳಕು ತೊಂಬತ್ತು ಡಿಗ್ರಿ ತಿರುಗಿ ಬರುವುದರಿಂದ, ಹೋಗುವಾಗ ಎಳೆ ಮಾಡಿದ ಕಿತಾಪತಿಯನ್ನು ಬರುವಾಗ ಎಳೆಯೇ ತೊಡೆದುಹಾಕುತ್ತದೆ. ಬೆಳಕಿನ ತೀವ್ರತೆಯಿಂದ ಆದ ತಿರುಗುವಿಕೆ ಮಾತ್ರ ಉಳಿಯುತ್ತದೆ. ಈ ಕಲ್ಪನೆಯ ಸೊಗಸಿಗೆ ನಾನು ಮನಸೋತವನು.

ಮಾರುಕಟ್ಟೆ ಇನ್ನೊಂದು ದಾರಿ ಹಿಡಿಯಿತು. 1992ರಲ್ಲಿ ಉರ್ಸುಲಾ ಕೆಲ್ಲರ್ ರೂಪಿಸಿದ ಅರೆವಾಹಕ ಕನ್ನಡಿ, ಆಮೇಲೆ ಕಾರ್ಬನ್ ನ್ಯಾನೋನಳಿಕೆ, 2009ರಿಂದ ಗ್ರಾಫೀನ್: ಇವೆಲ್ಲ ಧ್ರುವೀಕರಣದ ಹಂಗಿಲ್ಲದೆ ದುರ್ಬಲ ಬೆಳಕನ್ನು ಹೀರುವ ವಸ್ತುಗಳು. ಧ್ರುವೀಕರಣ ಕಟ್ಟಿಹಾಕಿದ ಎಳೆಯ ಜೊತೆ ಇವನ್ನು ಬಳಸಿದರೆ ಲೇಸರನ್ನು ಪೆಟ್ಟಿಗೆಯಲ್ಲಿ ಮುಚ್ಚಿ ಕಳಿಸಬಹುದು. ಆದರೂ ಅತಿ ಕಿರಿದಾದ, ಅತಿ ಶಾಂತವಾದ ಸ್ಪಂದ ಬೇಕೆನ್ನುವವರು ಧ್ರುವೀಕರಣದ ವಿಧಾನವನ್ನು ಕೈಬಿಡಲಿಲ್ಲ. ಕಾರ್ನೆಲ್‌ನ ಫ್ರ್ಯಾಂಕ್ ವೈಸ್ ಬಳಗ 2006ರಲ್ಲಿ, ಎಳೆಯ ವರ್ಣವಿಭಜನೆ ಎಲ್ಲೂ ಸಾಲಿಟಾನಿಗೆ ಒದಗದ ಉಂಗುರದಲ್ಲೂ ಈ ವಿಧಾನದಿಂದ ಸ್ಪಂದ ಸಾಧ್ಯವೆಂದು ತೋರಿಸಿದಾಗ ಹಳೆಯ ನಂಬಿಕೆಗಳು ಬುಡಮೇಲಾದವು.

ಹೀರುವ ವಸ್ತು ಬಂದು ಧ್ರುವಕವನ್ನು ತೆಗೆದುಹಾಕಿದ ಮೇಲೆ ಅನಿರೀಕ್ಷಿತವಾದ ಬಾಗಿಲೊಂದು ತೆರೆಯಿತು. ಧ್ರುವೀಕರಣ ಈಗ ಸ್ವತಂತ್ರ. ಸ್ಪಂದ ತನಗೆ ಬೇಕಾದಂತೆ ಅದನ್ನು ರೂಪಿಸಿಕೊಳ್ಳಬಹುದು. ಕರ್ಟಿಸ್ ಮೆನ್ಯುಕ್ 1987ರಲ್ಲೇ ಲೆಕ್ಕದಲ್ಲಿ ಕಂಡಿದ್ದರು: ದ್ವಿವಕ್ರೀಭವನದ ಎಳೆಯಲ್ಲಿ ವೇಗದ ಘಟಕವೂ ನಿಧಾನದ ಘಟಕವೂ ತಮ್ಮ ಆವರ್ತನಗಳನ್ನು ಎದುರುಬದುರು ಸರಿಸಿಕೊಂಡು, ಒಂದನ್ನೊಂದು ಹಿಡಿದು ಒಟ್ಟಿಗೆ ಸಾಗಬಲ್ಲವು. 1989ರಲ್ಲಿ ಬೆಲ್ ಲ್ಯಾಬ್ಸ್‌ನವರು ಇದನ್ನು ಎಳೆಯಲ್ಲಿ ಕಂಡರು. ಸ್ಟೀವನ್ ಕಂಡಿಫ್ ಮತ್ತು ಸಂಗಡಿಗರು 1999ರಲ್ಲಿ ಧ್ರುವಕವಿಲ್ಲದ ಫೈಬರ್ ಲೇಸರಿನಲ್ಲಿ, ಎರಡು ಘಟಕಗಳೂ ಪರಸ್ಪರ ಬಿಗಿದುಕೊಂಡು ಧ್ರುವೀಕರಣ ಬದಲಾಗದೆ ಸುತ್ತುವ ‘ವೆಕ್ಟರ್ ಸಾಲಿಟಾನ್’ಗಳನ್ನು ವರದಿ ಮಾಡಿದರು. ಬರ್ಮಿಂಗ್‌ಹ್ಯಾಮಿನ ಆಸ್ಟನ್ ವಿಶ್ವವಿದ್ಯಾಲಯದ ಸರ್ಗೇ ಸರ್ಗೆಯೆವ್ ಬಳಗ 2014ರಲ್ಲಿ ಇನ್ನೂ ಮುಂದೆ ಹೋಯಿತು: ಸ್ಪಂದದ ಧ್ರುವೀಕರಣ ಸುತ್ತಿನಿಂದ ಸುತ್ತಿಗೆ ನಿಧಾನವಾಗಿ ಸರಿಯುತ್ತ, ಪ್ವಾಂಕರೆ ಗೋಳದ ಮೇಲೆ ಸುರುಳಿ ಸುರುಳಿಯಾದ ದಾರಿ ಬರೆಯುವುದನ್ನು ಅವರು ಅಳೆದರು.

ಆ ಗೋಳದ ಮೇಲೆ ಬೆಂಗಳೂರಿನ ಗುರುತೂ ಇದೆ. ಧ್ರುವೀಕರಣದ ಎಲ್ಲ ಬಗೆಗಳನ್ನೂ ಒಂದು ಗೋಳದ ಮೇಲಿನ ಬಿಂದುಗಳಾಗಿ ಇಡಬಹುದೆಂದು ಫ್ರೆಂಚ್ ಗಣಿತಜ್ಞ ಹೆನ್ರಿ ಪ್ವಾಂಕರೆ 1892ರಲ್ಲಿ ತೋರಿಸಿದ್ದ. 1956ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಸಿ.ವಿ. ರಾಮನ್ ಅವರ ಸೋದರಳಿಯ, ಇಪ್ಪತ್ತೆರಡರ ಹರೆಯದ ಎಸ್. ಪಂಚರತ್ನಂ ಆ ಗೋಳದಿಂದ ಹೊಸತೊಂದನ್ನು ಹೊರತೆಗೆದರು. ಬೆಳಕಿನ ಧ್ರುವೀಕರಣವನ್ನು ಗೋಳದ ಮೇಲೆ ಒಂದು ಬಿಂದುವಿನಿಂದ ಹೊರಡಿಸಿ, ಇನ್ನೆರಡು ಬಿಂದುಗಳ ಮೂಲಕ ಸುತ್ತಿಸಿ ಮತ್ತೆ ಅಲ್ಲಿಗೇ ತಂದರೆ, ಬೆಳಕು ಮೊದಲಿನ ಹಂತಕ್ಕೆ, ಅಂದರೆ ತುಯ್ದಾಟದ ಅದೇ ನೆಲೆಗೆ, ಮರಳುವುದಿಲ್ಲ. ಆ ತ್ರಿಕೋನ ಗೋಳದ ಕೇಂದ್ರದಲ್ಲಿ ಉಂಟುಮಾಡುವ ಘನಕೋನದ ಅರ್ಧದಷ್ಟು ವ್ಯತ್ಯಾಸ ಉಳಿಯುತ್ತದೆ. ಪಂಚರತ್ನಂ ಆಮೇಲೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿ, ಆಕ್ಸ್‌ಫರ್ಡಿಗೆ ಹೋಗಿ, 1969ರಲ್ಲಿ 35ರ ವಯಸ್ಸಿಗೆ ತೀರಿಕೊಂಡರು. ಮೈಕೆಲ್ ಬೆರಿ 1984ರಲ್ಲಿ ಕ್ವಾಂಟಂ ಭೌತಶಾಸ್ತ್ರದಲ್ಲಿ ಇಂಥದೇ ಹಂತವನ್ನು ಕಂಡಾಗ, ಅದರ ಹಳೆಯ ಉದಾಹರಣೆ ಬೆಂಗಳೂರಿನಲ್ಲಿದೆ ಎಂದು 1986ರಲ್ಲಿ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ‘ಕರೆಂಟ್ ಸೈನ್ಸ್’ನಲ್ಲಿ ಬರೆದರು. ಅದೇ 1986ರಲ್ಲಿ ಟೊಮಿಟಾ ಮತ್ತು ಚಿಯಾವ್, ಸುರುಳಿಯಾಗಿ ಸುತ್ತಿದ ಗಾಜಿನ ಎಳೆಯಲ್ಲಿ ಧ್ರುವೀಕರಣ ತಿರುಗುವುದನ್ನು ಅಳೆದು ಬೆರಿಯ ಹಂತವನ್ನು ದೃಢಪಡಿಸಿದರು. ಪಂಚರತ್ನಂ ತಮ್ಮ ಪ್ರಯೋಗಗಳನ್ನು ಮಾಡಿದ್ದು ಸ್ಫಟಿಕಗಳೊಂದಿಗೆ. ಲೇಸರ್ ಆಗಿನ್ನೂ ಹುಟ್ಟಿರಲಿಲ್ಲ.

ಫಲಕಗಳ ಕೋನ ಹುಡುಕುವ ಹಳೆಯ ಕೆಲಸಕ್ಕೂ ಈಗ ಹೊಸ ಕೈಗಳು ಬಂದಿವೆ. 2013ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಟೀವನ್ ಬ್ರಂಟನ್, ನೇಥನ್ ಕುಟ್ಸ್ ಮತ್ತು ಸಂಗಡಿಗರು, ಲೇಸರ್ ತನ್ನ ಫಲಿತಾಂಶ ನೋಡಿ ತಾನೇ ತಿದ್ದಿಕೊಳ್ಳುವ ನಿಯಂತ್ರಣದ ಗಣಿತ ಕೊಟ್ಟರು. 2015ರಲ್ಲಿ ಫ್ರಾನ್ಸಿನ ದಿಜೋನಿನಲ್ಲಿ ಫಿಲಿಪ್ ಗ್ರೆಲು ಬಳಗ ವಿಕಾಸವಾದಿ ಅಲ್ಗಾರಿದಮ್ಮಿಗೆ ಧ್ರುವೀಕರಣ ನಿಯಂತ್ರಕವನ್ನು ಒಪ್ಪಿಸಿತು: ಹತ್ತಾರು ಯಾದೃಚ್ಛಿಕ ಸ್ಥಿತಿಗಳಿಂದ ಹೊರಟು, ಒಳ್ಳೆಯವನ್ನು ಉಳಿಸಿ ಬೆರೆಸುತ್ತ, ಯಾರ ಕೈಯೂ ತಾಗದೆ ಲೇಸರ್ ಸ್ಪಂದಗಳನ್ನು ಕಂಡುಕೊಂಡಿತು.